ಪಕ್ಕದ ಸೀಟಿನ ಲೆಕ್ಕ

ಫಿನ್‌ಲ್ಯಾಂಡಿನ ಔಲುವಿನಲ್ಲಿ ನಮ್ಮ ಕೆಲಸ ಇಷ್ಟೇ: ಕಾರಿನ ಮುಂಗಾಜಿನ ಆಂಟೆನಾ ರೇಡಿಯೋ ಅಲೆಗಳನ್ನು ಎತ್ತ ಎಷ್ಟು ಚೆಲ್ಲುತ್ತದೆಂದು ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆಮೇಲೆ ನಿಜವಾದ ಕಾರಿನಲ್ಲಿ ಅಳೆಯುವುದು. ನಮ್ಮ ಚಾಲಕ ವೈನೊನ ಖಾಲಿ ಕಾರಿನಲ್ಲಿ ಮಾತ್ರ ಎರಡೂ ತಾಳೆಯಾಗಲಿಲ್ಲ. ಮನುಷ್ಯರ ಮೈ ಅಲೆಗಳನ್ನು ಹೀರುತ್ತದೆ. ಬೇಸತ್ತು, ಕಂಪ್ಯೂಟರಿನ ಲೆಕ್ಕದ ಕಾರಿನಲ್ಲಿ, ಚಾಲಕನ ಪಕ್ಕದ ಸೀಟಿನ ಮೇಲೆ ಒಂದು ಮನುಷ್ಯಾಕೃತಿಯನ್ನು ಕೂರಿಸಿದೆ. ಅದರ ತಲೆಯನ್ನು ಚಾಲಕನ ಸೀಟಿನತ್ತ ವಾಲಿಸಿದಾಗ ಲೆಕ್ಕದ ನಕ್ಷೆಯೂ ಅಳತೆಯ ನಕ್ಷೆಯೂ ಗೆರೆಗೆ ಗೆರೆ ಕೂಡಿದವು.

ವೈನೊನ ಹೆಂಡತಿ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಅವನು ಪರದೆಯನ್ನೇ ನೋಡಿದ.

“ಹೆಲ್ಮಿ ಹಿಂಗೇ ವಾಲ್ಕೊಂಡು ನಿದ್ದೆ ಮಾಡ್ತಿದ್ಲು ಕಣೋ.”

“ಸುಮ್ನಿರಪ್ಪ, ಕಾರು ಖಾಲಿ ಐತೆ.”

“ಇರ್ಲಿ ಬಿಡು. ಇವತ್ತು ಮನೆಗೆ ಕರ್ಕೊಂಡೋಗ್ತೀನಿ.”

ಅವನು ಹೊರಟಾಗ ಪಕ್ಕದ ಸೀಟಿನ ಕಿಟಕಿಯ ಗಾಜು ಮಾತ್ರ ಒಳಗಿನಿಂದ ಮಂಜುಗಟ್ಟಿತ್ತು.

ಮರುದಿನ ಅಳೆದರೆ ಖಾಲಿ ಕಾರಿನ ಲೆಕ್ಕವೇ ತಾಳೆಯಾಯಿತು. ಅಂದಿನಿಂದ ವೈನೊ ನಮ್ಮೊಡನೆ ಕ್ಯಾಂಟೀನಿಗೆ ಬರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಗೇ ಹೋಗುತ್ತಾನೆ.