ಸಹಿಯಿಲ್ಲದ ರೊಂಕಾ ಚೀಟಿ

"ಕೈಗೆ ರೊಂಕಾ ಅಂತ ಮೊದಲು ಹೆಸರಿಟ್ಟೋರು ಯಾರಪ್ಪಾ?"

ಕ್ರಾಕೂಫ್ ನಗರದ ನಿಘಂಟು ಕಚೇರಿಯ ಖಾಲಿ ಕೋಣೆಯಲ್ಲಿ ಬೋಗ್ನಾ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಬಾಗಿಲಿನಿಂದ ಬಂತು.

"ಹಣ್ಣು ಆಯೋರು."

ಬೆಚ್ಚಿಬಿದ್ದಳು! ಜೋಡಿಸಲು ಹಿಡಿದಿದ್ದ ಹಿರಿಯರ ಪದಚೀಟಿಗಳೆಲ್ಲ ನೆಲಕ್ಕೆ. ನಿಘಂಟಿನ ಒಂದೇ ಸಂಪುಟದ ಕೆಲಸಕ್ಕೆಂದು ವಿಲ್ನಿಯಸ್‌ನಿಂದ ಬಂದಿದ್ದ ವೀತೆನಿಸ್ ಮಂಡಿಯೂರಿ ಒಂದೊಂದನ್ನೇ ಆರಿಸತೊಡಗಿದ. ಕಾಡಿನ ಬ್ಲೂಬೆರಿ ಕಿತ್ತು ಅವನ ಬೆರಳ ತುದಿಗಳು ನೇರಳೆಯಾಗಿದ್ದವು.

"ನಮ್ಮ ಲಿಥುವೇನಿಯಾದಲ್ಲಿ ಕೈ ಅಂದ್ರೆ ರಾಂಕಾ, ಆಯೋದು ಅಂದ್ರೆ ರಿಂಕ್ತಿ. ನಿಮ್ಮ ಸ್ಲಾವ್ ಜನರ ಹಳೇ ರೊಂಕಾನೂ ಅದೇ ಬೇರಿಂದು, ಬೋಗ್ನಾ ಅವ್ರೇ. ಆಯೋದೇ ಕೈ."

ಅದು ಜುಲೈ. ಆ ಮಾತನ್ನೇ ಹಿಡಿದು ಬೋಗ್ನಾ ಹತ್ತು ಭಾಷೆಗಳ ಕೈಗಳನ್ನು ಜೋಡಿಸಿ ತನ್ನದೇ ಆದ ಮೊದಲ ಚೀಟಿ ಬರೆದಳು. ಯಾರೂ ಕೇಳದ, ಎಲ್ಲೂ ಬರೆದಿರದ ಮೂಲಪದದ ಮುಂದೆ 'ಇದು ಊಹೆ' ಎಂಬ ಗುರುತಿಗೆ ನಕ್ಷತ್ರ ಹಾಕುವುದು ನಿಘಂಟುಕಾರರ ಪದ್ಧತಿ, ಹಾಕಿದಳು. ಎರಡನೆಯ ಸಹಿ ಬಿದ್ದರೆ ಮಾತ್ರ ಅಚ್ಚಿಗೆ. ಆ ಸಹಿ ವೀತೆನಿಸ್‌ನದು.

ಅವನು ಹಾಕಲಿಲ್ಲ. ಒಂದು ವಾರ... ಎರಡು... ಆರು!

ದಿನಾ ಅವಳ ಮೇಜಿಗೆ ನಿಂಬೆ ಹಾಕಿದ ಚಹಾ ತಂದಿಡುತ್ತಾನೆ. ಚೀಟಿ ಕೇಳಿದರೆ ಕಿಟಕಿಯಾಚೆ ನೋಡುತ್ತಾನೆ.

'ನನ್ನ ಕೆಲಸ ಹಿಡಿಸಲಿಲ್ಲವೇ? ಹಾಗಾದರೆ ಈ ಚಹಾ ಯಾಕೆ? ದೇವರೇ, ಇವನನ್ನು ಹೇಗೆ ಓದಲಿ...'

ಕಚೇರಿಯ ಹಿರಿಯೆ ಹೆರ್ಮಿನಾ ಒಂದು ದಿನ ನಕ್ಕೇಬಿಟ್ಟಳು.

"ಸತ್ತ ಭಾಷೆ ಓದ್ತೀಯ, ಎದುರಿಗಿರೋ ಗಂಡಸನ್ನ ಓದೋಕಾಗಲ್ವಾ ಹುಡುಗಿ? ಅವನ ಹತ್ರ ಉಳಿದಿರೋದು ನಿನ್ನ ಚೀಟಿ ಒಂದೇ. ಸಹಿ ಹಾಕಿದ ದಿನ ಕೆಲಸ ಮುಗೀತು, ವಿಲ್ನಿಯಸ್‌ಗೆ ರೈಲು!"

ಬೋಗ್ನಾ ಅವನ ಮೇಜಿಗೆ ಓಡಿದಳು. ಚೀಟಿ ಅಲ್ಲೇ ಇತ್ತು. ಅಂಚಿನ ತುಂಬ ನೇರಳೆ ಹೆಬ್ಬೆರಳ ಗುರುತು... ಒಂದರ ಮೇಲೊಂದು.

ವೀತೆನಿಸ್ ಚಹಾ ಹಿಡಿದು ಬಂದು ನಿಂತ. ಆಗಲೇ ಚರ್ಚಿನ ಗೋಪುರದಿಂದ ಮಧ್ಯಾಹ್ನದ ತುತ್ತೂರಿ ಮೊಳಗಿತು.

"ಇದನ್ನ ಎಷ್ಟು ಸಲ ಕೈಗೆತ್ಕೊಂಡಿದ್ದೀರಿ?"

"ದಿನಾ."

"ಬಾಯಿಬಿಟ್ಟು ಹೇಳಬಾರ್ದಿತ್ತಾ?"

"ಯಾರೂ ಕೇಳದ ಪದಾನ ಗುರುತು ನೋಡೇ ಕಂಡುಹಿಡಿಯೋರು ನೀವು... ಇದೂ ಗೊತ್ತಾಗುತ್ತೆ ಅಂದ್ಕೊಂಡೆ."

"ಗೊತ್ತಾಗಲಿಲ್ಲ! ನಕ್ಷತ್ರ ಇಟ್ಕೊಂಡು ಬದುಕೋಕಾಗುತ್ತಾ? ಹೇಳಿ!"

ತುತ್ತೂರಿ ಆ ಊರಿನ ಹಳೆಯ ವಾಡಿಕೆಯಂತೆ ಅರ್ಧಕ್ಕೇ ನಿಂತಿತು.

"ನಿನ್ನನ್ನ ಪ್ರೀತಿಸ್ತೀನಿ, ಬೋಗ್ನಾ."

ಅವಳ ಕಣ್ಣು ತುಂಬಿತು. ಅವನು ಮಾತ್ರ ಜೇಬಿನಿಂದ ಪೆನ್ನು ತೆಗೆದ.

"ಆದ್ರೆ ನನ್ನ ಆಸೆಗೆ ನಿನ್ನ ಮೊದಲ ಪದ ಕೊಳೀಬಾರ್ದು. ನಾಳೆ ಸಂಪುಟ ಅಚ್ಚಿಗೆ ಹೋಗ್ಬೇಕು, ಇದೊಂದು ಸಹಿಗೇ ಕಾಯ್ತಿದೆ. ಚೀಟಿ ಕೊಡು, ಸಹಿ ಹಾಕ್ತೀನಿ."

ಬೋಗ್ನಾ ಚೀಟಿಯನ್ನು ಎದೆಗೊತ್ತಿಕೊಂಡಳು.

"ಕೊಡಲ್ಲ. ಸಹಿ ಬಿದ್ರೆ ತಾನೇ ರೈಲು?"