ಕಸಿ ಗಂಟಿನ ಕೆಳಗಿನ ಎಲೆ

ಓಡುತ್ತಿದ್ದೆ.

ಹಿಂದೆ ಸಂಜೀವಪ್ಪ, ಹೂವಿನ ಕಂಪನಿಯ ಮಾಲಿ. ಕೈಯಲ್ಲಿ ಬಿದಿರು ಕೋಲು. ವಯಸ್ಸು ಅರವತ್ತು ದಾಟಿದೆಯಂತೆ... ಆದರೆ ಓಡುವುದನ್ನು ನೋಡಬೇಕಿತ್ತು!

ಗರುಡಾಚಾರ್‌ಪಾಳ್ಯದ ಆ ಕಾಂಪೌಂಡ್ ಮೇಲಿನ ಗಾಜಿನ ಚೂರು ನನ್ನ ಮಂಡಿ ಸೀಳಿತ್ತು. ಸಿಕ್ಕ ಆಟೋ ಹತ್ತಿದೆ. ಟಿನ್ ಫ್ಯಾಕ್ಟರಿ ಹತ್ತಿರ ಆಟೋ ನಿಂತೇ ಬಿಟ್ಟಿತು. ತಿರುಗಿ ನೋಡಿದರೆ ಆತ ಯಾರದೋ ಬೈಕ್ ಹಿಂದೆ ಕೂತು ಬರುತ್ತಿದ್ದಾನೆ. ಇಳಿದೆ, ಬಸ್ಸುಗಳ ಮಧ್ಯೆ ನುಗ್ಗಿದೆ, ಹೊರಟಿದ್ದ ಒಂದನ್ನು ಹತ್ತಿಬಿಟ್ಟೆ.

ಜೇಬಲ್ಲಿದ್ದದ್ದು ವಜ್ರ ಅಲ್ಲ ಸ್ವಾಮಿ. ನಾಲ್ಕು ಗುಲಾಬಿ ಎಲೆ.

ನಾನು ಲಾಯರ್. ನನ್ನ ಕ್ಲೈಂಟ್ ಪುಲಿಕೇಶಿನಗರದ ಕಮರುನ್ನೀಸಾ ಖಾಲಾ. ತೀರಿಕೊಂಡ ಗಂಡ ಬಷೀರ್ ನಲವತ್ತು ವರ್ಷದ ಹಿಂದೆ ನೆಟ್ಟ ಗುಲಾಬಿ ಅವರ ಅಂಗಳದಲ್ಲಿದೆ. ಬೆಳಗ್ಗೆ ಹಳದಿ, ಸಂಜೆಗೆ ಕೆಂಪು. ಎರಡು ವರ್ಷದ ಹಿಂದೆ ಕಂಪನಿಯ ಆಫೀಸರ್ ಬಂದು ಒಂದು ಕಡ್ಡಿ ಕೇಳಿದ್ದ. ಖಾಲಾ ಚಾ ಕುಡಿಸಿ ಕೊಟ್ಟರು. ಈಗ ಅದೇ ಕಂಪನಿಯಿಂದ ನೋಟೀಸ್: ಈ ತಳಿ ನಮ್ಮದು, ಮೂವತ್ತು ದಿನದಲ್ಲಿ ಗಿಡ ಕಿತ್ತುಹಾಕಿ!

ಇಂದಿರಾನಗರದ ಲ್ಯಾಬಿನಲ್ಲಿರುವ ಗೆಳತಿ ತೇಜಶ್ರೀ ಖಾಲಾ ಗಿಡ, ನಾನು ಎಲೆ ಕದ್ದು ತಂದ ಕಂಪನಿ ಗಿಡ, ಎರಡರ ಜೀನೋಮ್ ಎಂಬ ವಂಶಲಿಪಿಯನ್ನೂ ಪೂರ್ತಿ ಓದುತ್ತೇನೆಂದಳು. ಚೀನಾದ ಗುಲಾಬಿ, ಯುರೋಪಿನ ಗುಲಾಬಿ ಬೆರೆತು ನಮ್ಮ ತೋಟದ ಗುಲಾಬಿಯಾದ ಕತೆಯೆಲ್ಲ ಅದರಲ್ಲಿರುತ್ತದಂತೆ. ನನಗೆ ಬೇಕಿದ್ದದ್ದು ಕೊನೆಯ ಪುಟ ಮಾತ್ರ. ಎರಡರಲ್ಲಿ ತಾಯಿ ಯಾವುದು?

ಹತ್ತು ದಿನ ಕಾದೆ. ತೇಜಶ್ರೀ ಕರೆದಳು.

"ಹಂಸ, ಎಲೆ ಎಲ್ಲಿಂದ ಕಿತ್ತೆ?"

"ಕುಂಡದ ಹಿಂದೆ ಬಗ್ಗಿ ಕೂತಿದ್ದೆ. ಬುಡದ ಚಿಗುರಿಂದ."

"ಅದು ಕಸಿ ಗಿಡ ಕಣೇ. ಕಸಿ ಕಟ್ಟಿದ ಗಂಟಿನ ಮೇಲಷ್ಟೇ ನಮಗೆ ಬೇಕಾದ ತಳಿ, ಕೆಳಗಿರೋದು ಬರೀ ಕಾಡು ಗುಲಾಬಿ. ಇದರಿಂದ ಏನೂ ಪ್ರೂವ್ ಆಗಲ್ಲ."

ಮಂಡಿಯಲ್ಲಿ ನಾಲ್ಕು ಹೊಲಿಗೆ. ಹತ್ತು ದಿನ ನೀರಲ್ಲಿ ಹೋಮವಾಯಿತು. ನನ್ನ ಮೇಲೇ ನನಗೆ ಎಂಥ ಸಿಟ್ಟು ಬಂತೆಂದರೆ, ಫೋನ್ ಎಸೆಯದೆ ಉಳಿಸಿದ್ದೇ ದೊಡ್ಡದು.

ಉಳಿದದ್ದು ಹದಿನಾಲ್ಕು ದಿನ. ಈ ಸಲ ಗೋಡೆ ಹಾರುವ ಕಾಲೂ ಇರಲಿಲ್ಲ. ಕುಂಟುತ್ತಾ ನೇರ ಗೇಟಿಗೇ ಹೋದೆ. ಸಂಜೀವಪ್ಪ ಅದೇ ಗುಲಾಬಿ ಗಿಡ ಸವರುತ್ತಿದ್ದ. ಒದೆ ತಿನ್ನುವುದಾದರೆ ತಿನ್ನೋಣ ಎಂದುಕೊಂಡು ಖಾಲಾ ವಿಷಯವನ್ನೆಲ್ಲ ಹೇಳಿದೆ.

ಆತ ಸವರಿದ ರಾಶಿಯಿಂದ ಹೂ ಸಮೇತ ಒಂದು ರೆಂಬೆ ಎತ್ತಿ ಕೊಟ್ಟ.

"ಸವರಿದ್ ಕಡ್ಡಿ ಮಾಲಿಗೆ ಸೇರಿದ್ದು ಕಣಮ್ಮ. ಕೇಳಿದ್ರೆ ಅವತ್ತೇ ಕೊಡ್ತಿದ್ದೆ. ಕದ್ದೋಡಿದ್ರೆ ಅಟ್ಟಿಸ್ಕೊಂಡು ಬರ್ದೆ ಇನ್ನೇನ್ ಮಾಡ್ಲಿ?"

ರೆಂಬೆ ಹಿಡಿದು ಕುಂಟುತ್ತಾ ಸೀದಾ ತೇಜಶ್ರೀ ಲ್ಯಾಬಿಗೆ ಹೋದೆ.

ಎರಡನೇ ರಿಪೋರ್ಟ್ ಸರಿಯಾಗಿ ಬಂತು. ಖಾಲಾ ಗಿಡದಲ್ಲಿ ವರ್ಷಗಳಿಂದ ಆಗಿದ್ದ ಪ್ರತಿ ಸಣ್ಣ ಬದಲಾವಣೆಯೂ ಕಂಪನಿ ಗಿಡದಲ್ಲಿತ್ತು, ಮೇಲೆ ಹೊಸದು ಮೂರು. ತಾಯಿಯ ಮಚ್ಚೆಗಳೆಲ್ಲ ಮಗಳಿಗೆ ಬಂದಿವೆ, ಮಗಳ ಹೊಸ ಮಚ್ಚೆ ತಾಯಿಗಿಲ್ಲ ಎಂದು ತೇಜಶ್ರೀ ಬಿಡಿಸಿ ಹೇಳಿದಳು. ರಿಪೋರ್ಟ್ ಕಳಿಸಿದೆ, ಕಂಪನಿ ನೋಟೀಸ್ ವಾಪಸ್ ತೆಗೆದುಕೊಂಡಿತು.

ಸುದ್ದಿ ಹೇಳಲು ಖಾಲಾ ಮನೆಗೆ ಹೋದೆ. ಅಂಗಳದಲ್ಲಿ ಅದೇ ಆಫೀಸರ್! ಕ್ಷಮೆ ಕೇಳಲು ಬಂದಿದ್ದನಂತೆ. ಚಾ ಮುಗಿಸಿ ಎದ್ದ. ಕೈಯಲ್ಲಿ ಒದ್ದೆ ಪೇಪರ್ ಸುತ್ತಿದ ಕಡ್ಡಿ... ಖಾಲಾರ ಬಿಳಿ ದಾಸವಾಳದ್ದು.

"ಖಾಲಾ, ಇದೇನ್ರೀ ಇದು?"

"ಬಾಯ್ಬಿಟ್ಟು ಕೇಳ್ದ ಬೇಟಿ. ಇಲ್ಲ ಅನ್ನೋಕಾಗ್ತದಾ?"

ಬ್ಯಾಗ್ ತೆಗೆದು, ಮುಂದಿನ ನೋಟೀಸಿಗೆ ಬೇಕಾದೀತೆಂದು ದಾಸವಾಳದಿಂದ ನಾಲ್ಕು ಎಲೆ ಕಿತ್ತು ಇಟ್ಟುಕೊಂಡೆ. ಈ ಸಲ ಮೇಲಿನ ಕೊಂಬೆಯಿಂದ.