ಅವ್ವ ಕಣ್ಣೆತ್ತಲಿಲ್ಲ

"ನನ್ನ ಕಣ್ಣು ನೋಡಿ ಹೇಳು ರಾಚವ್ವ. ಗ್ಲೋಬ್ ಬೀಳಿಸಿದ್ದು ನೀನಲ್ಲವಾ?" ವಿನೋದಿನಿ ಟೀಚರ್ ಮೂರನೆಯ ಸಲ ಕೇಳಿದರು.

"ನಾ ಅಲ್ರೀ ಟೀಚರ್," ಎಂದಳು ರಾಚವ್ವ, ತನ್ನ ಕಾಲ್ಬೆರಳುಗಳನ್ನೇ ನೋಡುತ್ತ.

ಕಪಾಟಿನ ಮೇಲಿದ್ದ ಗ್ಲೋಬು ರಿಸೆಸ್ ಹೊತ್ತಿನಲ್ಲಿ ಕೆಳಗೆ ಬಿದ್ದು ಎರಡು ಹೋಳಾಗಿತ್ತು. ಬೋರ್ಡ್ ಒರೆಸಲೆಂದು ಆಗ ಕ್ಲಾಸಿಗೆ ಬಂದವಳು ಮಾನಿಟರ್ ರಾಚವ್ವ ಒಬ್ಬಳೇ. ಅವಳು ಬರುವಷ್ಟರಲ್ಲಿ ಅದು ಬಿದ್ದಾಗಿತ್ತು. ಆದರೆ ನಂಬುವವರು ಯಾರು?

"ಸುಳ್ಳಲ್ಲದಿದ್ದರೆ ಮುಖ ನೋಡ್ಲಿಕ್ಕೆ ಎಂತ ಹೆದರಿಕೆ? ನಾಳೆ ಅಮ್ಮನನ್ನು ಕರ್ಕೊಂಡು ಬಾ. ಒಪ್ಪಿಕೊಳ್ಳುವ ತನಕ ನೀನು ಮಾನಿಟರ್ ಅಲ್ಲ."

ಅವ್ವನನ್ನೇ? ಧಾರವಾಡದಿಂದ ಮುಂಬಯಿಗೆ ಬಂದು ಎರಡು ವರ್ಷವಾದರೂ ಅವ್ವ ಚಾಳಿನ ನಲ್ಲಿಯ ಹತ್ತಿರ ಕೂಡ ತಲೆಯೆತ್ತಿ ಮಾತಾಡಿದವಳಲ್ಲ. ದೊಡ್ಡವರ ಮುಂದೆ ಕಣ್ಣೆತ್ತಬಾರದೆಂದು ಮಗಳಿಗೆ ಕಲಿಸಿದವಳೂ ಅವಳೇ. ಇಂಥ ಪುಕ್ಕಲು ಅವ್ವ ಟೀಚರ್ ಮುಂದೆ ಏನು ತಾನೇ ಹೇಳಿಯಾಳು?

ಮರುದಿನ ಟ್ರಾಮಿನಲ್ಲಿ ಫೋರ್ಟ್‌ನ ಶಾಲೆಗೆ ಬರುವ ದಾರಿಯುದ್ದಕ್ಕೂ ರಾಚವ್ವ ಅವ್ವನ ಕೈ ಬಿಡಲಿಲ್ಲ. ಪಾಪ, ಅವ್ವನಿಗೆ ಹೆದರಿಕೆಯಾದರೆ?

ಅವ್ವ ಕಾಶವ್ವ ತಲೆಯ ಮೇಲೆ ಸೆರಗು ಹೊದ್ದು, ಮಗಳ ಕೈ ಬಿಡದೆ ಕ್ಲಾಸಿನಲ್ಲಿ ನಿಂತಳು.

"ನೀವೂ ನೆಲವನ್ನೇ ನೋಡ್ತೀರಲ್ಲ," ಎಂದರು ಟೀಚರ್.

"ದೊಡ್ಡವರ ಮುಂದ ಕಣ್ಣ ಎತ್ತಬ್ಯಾಡ ಅಂತ ನಾನ ಕಲಿಸೇನ್ರೀ. ಅದು ತಪ್ಪಿದ್ರ ನನಗ ಬೈರಿ. ಆದ್ರ ನನ್ನ ಮಗಳು ಸುಳ್ಳ ಹೇಳೂದಿಲ್ರೀ. ಗ್ಲೋಬ ಆಕಿ ಒಡದಿಲ್ಲ."

ದನಿ ಮೆಲ್ಲಗಿತ್ತು. ಆದರೆ ಒಂದು ಮಾತೂ ನಡುಗಲಿಲ್ಲ. ಇವಳು ನಮ್ಮ ಅವ್ವನೇನಾ ಎಂದು ರಾಚವ್ವ ಬೆರಗಾದಳು.

ನೆಲ ನೋಡುತ್ತಲೇ ಕಾಶವ್ವ ಮತ್ತೆ ಕೇಳಿದಳು, "ಎಲ್ಲಾ ಕಡೆ ಛಲೋ ಕಸಾ ಹೊಡದಾರ. ಕಪಾಟಿನ ಬುಡಕ್ಕ ಅಷ್ಟ ಕಡ್ಡಿ ಬಿದ್ದಾವಲ್ರೀ, ಎಲ್ಲಿಂದ ಬಂದುವು?"

ಟೀಚರ್ ಬಾಗಿ ನೋಡಿದರು. ಆಮೇಲೆ ಬೆಂಚು ಹತ್ತಿ ಕಪಾಟಿನ ಮೇಲೆ ಇಣುಕಿದರು. ಗ್ಲೋಬ್ ಇದ್ದ ಜಾಗದಲ್ಲೇ ಅರ್ಧ ಕಟ್ಟಿದ ಗೂಡು! ಅದರೊಳಗೆ ಒಂದು ಪಾರಿವಾಳ, ಬಾಡಿಗೆ ಕಟ್ಟಿದವರ ಹಾಗೆ ಆರಾಮಾಗಿ ಕೂತಿತ್ತು.

"ಜಾಗಕ್ಕಾಗಿ ಗ್ಲೋಬನ್ನು ದೂಡಿ ಹಾಕಿದ್ದು ಇದಾ ಮಾರಾಯ್ತಿ," ಎಂದರು ಟೀಚರ್.

ಅವರು ಕೆಳಗಿಳಿದು ರಾಚವ್ವನ ಮುಂದೆ ನೆಲದ ಮೇಲೆಯೇ ಕೂತರು. ಈಗ ಅವಳು ತಲೆ ತಗ್ಗಿಸಿದರೂ ಟೀಚರ್ ಮುಖವೇ ಕಾಣುತ್ತಿತ್ತು.

"ತಪ್ಪು ನನ್ನದು ಮಗಾ. ಮಾನಿಟರ್ ನೀನೇ."

ರಾಚವ್ವ ಅವ್ವನನ್ನು ಕಳಿಸಲು ಗೇಟಿನ ತನಕ ಬಂದಳು. "ಅವ್ವಾ, ನಿನಗ ಅಂಜಿಕಿ ಬರಲಿಲ್ಲೇನು?"

"ಬಂತು. ಅದಕ್ಕ ನಿನ್ನ ಕೈ ಗಟ್ಟಿ ಹಿಡಕೊಂಡಿದ್ನಲ್ಲ."

ರಾಚವ್ವ ತನ್ನ ಅಂಗೈ ನೋಡಿಕೊಂಡಳು. ಅವ್ವನ ಬೆರಳುಗಳ ಗುರುತು ಇನ್ನೂ ಕೆಂಪಗಿತ್ತು.

ಕಾಶವ್ವ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಟ್ರಾಮಿನ ಗದ್ದಲದ ಕಡೆಗೆ ನಡೆದಳು. ಅವಳು ತಿರುವಿನಲ್ಲಿ ಮರೆಯಾಗುವ ತನಕ ರಾಚವ್ವ ತಲೆಯೆತ್ತಿ ನೋಡುತ್ತಲೇ ನಿಂತಳು.